ಅಲ್ಲಿನ ಮಚ್ಚೆ

“ಎಲ್ಲಿ ತೊಂದರೆ?” ಆಸ್ಪತ್ರೆಯಲ್ಲಿ ಚೀಟಿ ಕೊಡುವವಳು ಎರಡನೇ ಸಲ ಕೇಳಿದಳು. ಬಸ್ ಡ್ರೈವರ್ ಬಾಯಿ ತೆರೆದವನು ಹಾಗೇ ನಿಂತ. ಹಿಂದಿನ ಬೆಂಚುಗಳ ತುಂಬ ಜನ. ಪಕ್ಕದಲ್ಲಿ ಕೈಚೀಲ ಬಿಗಿಹಿಡಿದ ಹೆಂಡತಿ.

ಶಿಶ್ನದ ತುದಿಯಲ್ಲಿ ಕೆಂಪು ಮಚ್ಚೆಗಳೆದ್ದು ತಿಂಗಳುಗಳೇ ಕಳೆದಿದ್ದವು. ಔಷಧಿ ಅಂಗಡಿಯವನು ಕಣ್ಣು ಮಿಟುಕಿಸಿ ಕೊಟ್ಟ ಮುಲಾಮುಗಳನ್ನೆಲ್ಲ ಹಚ್ಚಿದ್ದಾಗಿತ್ತು. ಉರಿ ಹೆಚ್ಚಿತೇ ಹೊರತು ಮಚ್ಚೆ ಹೋಗಲಿಲ್ಲ. ವಿಷಯ ತಿಳಿದಾಗ ಹೆಂಡತಿ ಮೊದಲು ಕೇಳಿದ್ದು, “ಯಾರ ಹತ್ರ ಹೋಗಿದ್ರಿ?” ಎಂದು. ಅವನು ಆಣೆ ಇಡಲು ಹೊರಟಾಗ ತಡೆದಿದ್ದಳು. “ಆಣೆ ಬೇಡ. ಡಾಕ್ಟರ ಹತ್ರ ನಡೀರಿ, ನಾನೂ ಬರ್ತೀನಿ.”

ಅಣ್ಣ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದ. “ನಾಲ್ಕು ಜನಕ್ಕೆ ಗೊತ್ತಾದ್ರೆ ಮನೆ ಮಾನ ಏನಾಗ್ಬೇಕೋ?”

“ಮನೆ ಮಾನ ಇರೋದು ಅಲ್ಲೇ ಆದ್ರೆ, ಮೊದಲು ಅದನ್ನೇ ತೋರಿಸ್ಬೇಕಲ್ಲಣ್ಣಾ,” ಎಂದು ಇವನು ಚಪ್ಪಲಿ ಮೆಟ್ಟಿದ್ದ.

ಈಗ ಅದೇ ಬಾಯಿ ಕಟ್ಟಿತ್ತು. ಚೀಟಿಯವಳು ಪೆನ್ನು ಕುಟ್ಟಿದಳು. ಅವನಿಗೆ ರೇಗಿತು. ಬಸ್ಸಿನ ಕೊನೇ ಸೀಟಿಗೂ ಕೇಳುವಂಥ ದನಿಯಲ್ಲಿ ಹೇಳಿದ: “ಉಚ್ಚೆ ಹೊಯ್ಯೋ ಜಾಗದಲ್ಲಿ. ಮಚ್ಚೆ ಎದ್ದಿದೆ. ಬರ್ಕೊಳ್ಳಿ.”

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಂಡತಿ ತಿರುಗಿದಳು. “ಯಾಕೆ, ನಿಮಗೆ ಆ ಜಾಗ ಇಲ್ವಾ?”

ನಗು ಅಲ್ಲಿಗೇ ನಿಂತಿತು.

ಒಳಗಿದ್ದದ್ದು ವಯಸ್ಸಾದ ಡಾಕ್ಟರಮ್ಮ. ಅವನು ಒಂದು ಗಳಿಗೆ ಹಿಂದೆಮುಂದೆ ನೋಡಿ, ಪರದೆಯನ್ನು ತಾನೇ ಎಳೆದುಕೊಂಡ. ಆಕೆ ದೀಪ ಹಿಡಿದು ನಿಧಾನವಾಗಿ ನೋಡಿದರು.

“ಅಂಟುರೋಗದ ಹಾಗೆ ಕಾಣ್ತಿಲ್ಲ. ಆದ್ರೆ ಇಷ್ಟು ದಿನ ಹೋಗದೇ ಇರೋದನ್ನ ಬರೀ ಕಣ್ಣಲ್ಲಿ ನೋಡಿ ಬಿಡೋಕಾಗಲ್ಲ. ರಕ್ತ ಪರೀಕ್ಷೆ ಮಾಡ್ಸೋಣ. ನೋವಾಗದ ಹಾಗೆ ಇಂಜೆಕ್ಷನ್ ಕೊಟ್ಟು ಒಂದು ಚೂರು ಚರ್ಮಾನೂ ತೆಗೀಬೇಕು.”

“ಕ್ಯಾನ್ಸರ್ರಾ?”

“ಹೌದೋ ಅಲ್ವೋ ತಿಳ್ಕೊಳ್ಳೋಕೇ ಪರೀಕ್ಷೆ. ಆ ಮುಲಾಮೆಲ್ಲ ಇವತ್ತೇ ಬಿಸಾಕಿ.”

“ತೆಗೀರಿ,” ಎಂದ.

ಫಲಿತಾಂಶ ಕೇಳಲು ಇಬ್ಬರೂ ಒಟ್ಟಿಗೇ ಬಂದರು. ಕ್ಯಾನ್ಸರ್ ಅಲ್ಲ, ಯಾರಿಂದಲೂ ಅಂಟಿದ್ದಲ್ಲ. ಚರ್ಮದಲ್ಲಿ ಬೇರೂರಿದ ಉರಿಯೂತ. ಹೊಸ ಮುಲಾಮು ಹಚ್ಚಬೇಕು, ಆಗಾಗ ಬಂದು ತೋರಿಸಬೇಕು ಎಂದರು ಡಾಕ್ಟರಮ್ಮ.

ಹೊರಗೆ ಬಂದ ಮೇಲೆ ಹೆಂಡತಿ, “ನಾನು ಅವತ್ತು ಹಾಗೆ ಕೇಳಿದ್ದು...” ಎಂದು ತಡವರಿಸಿದಳು.

“ನಿಂಗೆ ಕೇಳ್ಬೇಕು ಅನ್ನಿಸ್ತು, ಕೇಳ್ದೆ. ಬಾ, ಬಸ್ಸು ಬಂತು.”

ಬೇರೆ ಯಾರೋ ಓಡಿಸುತ್ತಿದ್ದ ಬಸ್ಸಿನಲ್ಲಿ ಇಬ್ಬರೂ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತರು. ಇಳಿಜಾರಿನ ತಿರುವಿನಲ್ಲಿ ಅವನ ಬಲಗಾಲು ಇಲ್ಲದ ಬ್ರೇಕನ್ನು ತಾನಾಗಿಯೇ ಒತ್ತಿತು. ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.