ಹದಿನಾರು ಬೋರಿನ ಬ್ರಷ್

ಪಾರಿವಾಳ ಹಾರಿಸುವವನ ಸಾಕ್ಷಿ ಎಲ್ಲಿಯೂ ನಡೆಯುವುದಿಲ್ಲ. ಲೆಬನಾನಿನ ಟ್ರಿಪೋಲಿ ಪೇಟೆಯಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಪಕ್ಕದವನ ಹಕ್ಕಿ ದಾರಿ ತಪ್ಪಿ ಬಂದರೆ ಗೂಡಿಗೆ ಸೇರಿಸಿಕೊಂಡು, ಕೇಳಲು ಬಂದವನ ಮುಂದೆ ‘ದೇವರಾಣೆ ಕಂಡಿಲ್ಲ’ ಅನ್ನುವ ಮಂದಿ ಅವರು. ಅಬು ಗಿಯಾಸನೂ ಅಂಥ ಆಣೆ ಬೇಕಾದಷ್ಟು ಹಾಕಿದವನೇ. ಹಾಗಾಗಿ ಯಾರೋ ಅವನ ಮಾಳಿಗೆಯ ಮೇಲೆ ಹಕ್ಕಿ ಹೊಡೆದು ಕೆಡವಿದಾಗ ಅವನು ಬೀದಿಗಿಳಿದು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಿದ್ದರೆ ಕಾಫಿ ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸತ್ತದ್ದು ಸಾಮಾನ್ಯ ಹಕ್ಕಿಯಲ್ಲ, ಹಿಂಡಿನ ಮುಂದಾಳು. ಬೂದು ಬಣ್ಣದ ಆ ಗಂಡು ಇಳಿದರೆ ಮಿಕ್ಕವೆಲ್ಲ ಇಳಿಯುತ್ತಿದ್ದವು. ಅಬು ಗಿಯಾಸ್ ಅಂದು ಬೆಳಿಗ್ಗೆ ರೊಟ್ಟಿ ತರಲು ಹೋಗಿದ್ದಾಗ ಗುಂಡಿನ ಸದ್ದು ಕೇಳಿಸಿತ್ತು. ಓಡಿ ಬಂದು ನೋಡಿದರೆ ಅದು ನೀರಿನ ಟ್ಯಾಂಕಿನ ಪಕ್ಕ ಬಿದ್ದಿತ್ತು, ಉಳಿದವು ಚದುರಿ ಹೋಗಿದ್ದವು. ಹೆಂಡತಿ ಹಯಾತ್ ‘ಯಾವ ಪಾಪಿ ಮಾಡಿದ್ನೋ’ ಎಂದು ಕಣ್ಣೊರೆಸಿಕೊಂಡು ಕಾಫಿ ಕಾಸಿ ಕೊಟ್ಟಳು. ಗೋಡೆಯ ಮೂಲೆಯಲ್ಲಿ ಅವನಿಗೊಂದು ಪ್ಲಾಸ್ಟಿಕ್ ಬಿರಡೆ ಸಿಕ್ಕಿತು, ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇಡುವಂಥದ್ದು. ಬೇಟೆ ಸಾಮಾನಿನ ಅಂಗಡಿಯ ಸುಬ್ಹಿ ಅದನ್ನು ನೋಡಿದ ಕೂಡಲೇ ಹೇಳಿಬಿಟ್ಟ.

“ಹದಿನಾರು ಬೋರು. ಹಳೇ ಕಾಲದ ಕೋವಿ. ಈಗ ಎಲ್ಲಾರ ಹತ್ರಾನೂ ಹನ್ನೆರಡೇ.”

ಹೊಡೆದವನು ಕೋವಿಯ ನಳಿಗೆ ಉಜ್ಜದೆ ಇಡುತ್ತಾನೆಯೇ? ಬೇಟೆ ನಿಂತುಹೋದ ಈ ವಸಂತದಲ್ಲಿ ಯಾರು ಹದಿನಾರು ಬೋರಿನ ಬ್ರಷ್ ಕೇಳುತ್ತಾನೋ ಅವನೇ ಅಪರಾಧಿ. ಹೀಗೆ ಲೆಕ್ಕ ಹಾಕಿ ಅಬು ಗಿಯಾಸ್ ಅಂಗಡಿಯೊಳಗಿನ ರಟ್ಟಿನ ಡಬ್ಬಗಳ ಹಿಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟ. ಮನಸ್ಸಿನಲ್ಲಿ ಇದ್ದದ್ದು ಒಂದೇ ಹೆಸರು, ಹಾಜಿ ಬುರ್ಹಾನ್. ಎದುರು ಮಾಳಿಗೆ ಅವನದೇ. ಒಣಹಾಕಿದ ಬಟ್ಟೆಯ ಮೇಲೆ ಹಕ್ಕಿಗಳು ಹಿಕ್ಕೆ ಹಾಕುತ್ತವೆ ಎಂದು ಎಷ್ಟು ಸಲ ಗೊಣಗಿಲ್ಲ? ಆದರೆ ಅದೇ ಹಾಜಿಯ ಮಗನಿಗೆ ಅಬು ಗಿಯಾಸನ ಮಗಳು ಲಮೀಸಳನ್ನು ಕೊಡುವ ಮಾತಾಗಿತ್ತು. ಗುರುವಾರ ಹಾಜಿಯ ಮನೆಯವರು ಫಾತಿಹಾ ಓದಿ ನಿಶ್ಚಯ ಮಾಡಲು ಬರುವವರಿದ್ದರು. ಹೊಡೆದವನು ಹಾಜಿಯೇ ಆಗಿದ್ದರೆ ಗುರುವಾರವೂ ಇಲ್ಲ, ಮದುವೆಯೂ ಇಲ್ಲ ಎಂದು ಅಬು ಗಿಯಾಸ್ ಹಲ್ಲು ಕಚ್ಚಿ ತೀರ್ಮಾನಿಸಿದ್ದ. ಆ ಹುಡುಗನ ಹೆಸರು ಕೇಳಿದರೆ ಲಮೀಸಳ ಮುಖ ಅರಳುವುದನ್ನು ಅವನೂ ಕಂಡಿದ್ದ. ಆದರೂ ತೀರ್ಮಾನಿಸಿದ್ದ.

ಹಾಜಿ ಬಂದೇ ಬಂದ.

“ನಳಿಗೆ ಉಜ್ಜೋ ಬ್ರಷ್ ಒಂದು ಕೊಡಪ್ಪಾ ಸುಬ್ಹಿ. ಎಣ್ಣೆ ತೆಳುವಾಗಿರ್ಲಿ. ಹೋದ್ಸಲ ಕೊಟ್ಟಿದ್ದು ಎಣ್ಣೆಯಲ್ಲ, ದಾಳಿಂಬೆ ಪಾಕ.”

“ಏನು ಹಾಜಿ ಸಾಹೇಬ್ರೇ,” ಡಬ್ಬಗಳ ಹಿಂದಿನಿಂದ ಅಬು ಗಿಯಾಸ್ ಕತ್ತು ಚಾಚಿದ, “ಬೇಟೆ ಇಲ್ದಿದ್ರೂ ಕೋವಿ ತೊಳೆಯೋ ಹುರುಪು?”

ಹಾಜಿ ಬೆಚ್ಚಿದ. “ಅರೆ, ಬೀಗರು! ಗುರುವಾರ ನನ್ನ ತಮ್ಮ ಖುಷಿಗೆ ಎರಡು ಗುಂಡು ಹಾರಿಸ್ದೆ ಬಿಡ್ತಾನಾ? ಅದಕ್ಕೇ ತಯಾರಿ.”

“ಯಾವ ಬೋರು?”

“ಹನ್ನೆರಡು. ನಿಮಗ್ಯಾವಾಗಿಂದ ಕೋವಿ ಮೇಲೆ ಪ್ರೀತಿ ಬಂತು?”

“ಹಕ್ಕಿ ಸತ್ತಾಗಿಂದ.”

“ಕೇಳ್ದೆ, ಪಾಪ,” ಎಂದ ಹಾಜಿ, ಎಣ್ಣೆಯ ಸೀಸೆ ತಿರುಗಿಸುತ್ತಾ. “ಉಳಿದವನ್ನ ಏನ್ ಮಾಡ್ತೀರಿ? ಮಾರ್ತೀರಾ?”

ಆ ಪ್ರಶ್ನೆ ಅಬು ಗಿಯಾಸನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಉಳಿದವುಗಳ ಚಿಂತೆ ಇವನಿಗೇಕೆ? ಹಾಜಿ ಬೀದಿ ದಾಟುತ್ತಲೇ ಅವನು ಸುಬ್ಹಿಯ ಕಡೆ ತಿರುಗಿದ.

“ಇವನೇ. ಮನೇಲಿ ಇನ್ನೊಂದು ಕೋವಿ ಇರತ್ತೆ. ನಾನಿಲ್ಲಿ ಕೂತಿರೋದು ಗೊತ್ತಾಗಿ ಬೇಕಂತಲೇ ಹನ್ನೆರಡು ಅಂದ.”

“ನಿನ್ನ ಕಣ್ಣಿಗೆ ಕಾಮಾಲೆ ಮಾರಾಯ, ಊರೆಲ್ಲಾ ಹಳದಿ ಕಾಣ್ತಿದೆ,” ಎಂದ ಸುಬ್ಹಿ. “ಮನೆಗೆ ಹೋಗು. ನನ್ನ ಗಿರಾಕಿ ಓಡಿಸ್ಬೇಡ.”

ಅವನು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಹೆಂಗಸಿನ ದನಿ ಕೇಳಿಸಿತು.

“ಸುಬ್ಹಿ ಅಣ್ಣಾ, ನಳಿಗೆಗೆ ತಂತಿ ಬ್ರಷ್ ಒಂದು, ಉಣ್ಣೆ ಕುಂಚ ಒಂದು ಕೊಡು. ಮನೇಲಿದ್ದಿದ್ದು ನುಸಿ ತಿಂದಿದೆ. ಹದಿನಾರು ಬೋರಿಂದು. ಉಕ್ಕಿನ ತಂತಿ ಬೇಡ, ಗೀರು ಬೀಳತ್ತೆ. ತಾಮ್ರದ್ದೇ ಕೊಡು.”

ಸುಬ್ಹಿಯ ಕೈ ಕಪಾಟಿನಲ್ಲೇ ನಿಂತಿತು. ಅವನು ಡಬ್ಬಗಳ ಕಡೆ ನೋಡಲಿಲ್ಲ, ನೋಡದಿರಲು ಬಹಳ ಕಷ್ಟಪಟ್ಟ.

“ಬಳಸೋಕಾ, ಕಟ್ಟಿಡೋಕಾ? ಬಳಸೋದಾದ್ರೆ ತೆಳು ಎಣ್ಣೆ. ಕಟ್ಟಿಡೋದಾದ್ರೆ ಗ್ರೀಸು.”

“ಗ್ರೀಸೇ ಕೊಡು. ಅದರ ಕೆಲಸ ಮುಗೀತು.”

ಆ ದನಿ ಅಬು ಗಿಯಾಸನಿಗೆ ಹೊಸದಲ್ಲ. ಮಾವನ ಕೋವಿ ಮದುವೆಯಾದಾಗಿನಿಂದ ಬೀರುವಿನ ಹಿಂದೆ ಚೀಲದಲ್ಲಿತ್ತು. ಅದರ ಗಂಟು ಅವನೆಂದೂ ಬಿಚ್ಚಿರಲಿಲ್ಲ. ಊರಿನ ಕೋವಿಗಳನ್ನೆಲ್ಲ ಲೆಕ್ಕ ಹಾಕಿದವನು ಅದೊಂದನ್ನು ಬಿಟ್ಟಿದ್ದ. ಎದ್ದು ನಿಂತ.

“ಹಯಾತ್.”

ಅವಳು ಓಡಲಿಲ್ಲ. “ಕ್ಷೌರಕ್ಕೆ ಹೋಗ್ತೀನಿ ಅಂದ್ರಲ್ಲ,” ಎಂದಳು.

“ನೀನು ಸೊಪ್ಪು ತರ್ತೀನಿ ಅಂದಿದ್ದೆ. ನನ್ನ ಹಕ್ಕಿ ಕೊಂದು, ಪಕ್ಕದಲ್ಲಿ ಕೂತು ಅತ್ತೆಯಲ್ಲೇ.”

“ಅತ್ತಿದ್ದು ಸುಳ್ಳಲ್ಲ. ಅದಕ್ಕೆ ನಾನೂ ಕಾಳು ಹಾಕಿದೀನಿ.” ಅವಳ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. “ಹಾಜಿ ಹೆಂಡ್ತಿ ಬಂದಿದ್ಲು. ಮಾಳಿಗೆ ಮೇಲೆ ಹಕ್ಕಿ ಹಾರ್ತಾ ಇರೋ ತನಕ ಫಾತಿಹಾಕ್ಕೆ ಬರಲ್ಲ ಅಂದ್ಲು. ಪಾರಿವಾಳದವನು ಹೂಂ ಅಂದ್ರೆ ಅದು ಹೂಂ ಅಂತ ಯಾರು ನಂಬ್ತಾರೆ, ನಾಳೆ ಮಗಳನ್ನ ಕೊಟ್ಟೇ ಇಲ್ಲ ಅಂತ ಆಣೆ ಹಾಕಿದ್ರೆ ಅಂತ ನಕ್ಲು. ಲಮೀಸ್ ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ಲು. ಎಲ್ಲಾ ಕೇಳಿಸ್ಕೊಂಡ್ಲು. ಮುಂದಾಳು ಹೋದ್ರೆ ಹಿಂಡು ಒಡೆಯತ್ತೆ, ನೀವೂ ಬಿಟ್ಬಿಡ್ತೀರಿ ಅಂದ್ಕೊಂಡೆ.”

ಉಳಿದ ಹಕ್ಕಿ ಮಾರ್ತೀರಾ ಎಂದು ಹಾಜಿ ಕೇಳಿದ ಪ್ರಶ್ನೆಯ ಅರ್ಥ ಈಗ ಹೊಳೆಯಿತು. ಅಬು ಗಿಯಾಸನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಯಾವುದು ಹೆಚ್ಚೆಂದು ತಿಳಿಯಲಿಲ್ಲ.

“ಹೊಡೆದ್ಮೇಲೆ ಹಾಗೇ ಸುತ್ತಿಟ್ಟಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ.”

“ಮದ್ದಿನ ಮಸಿ ಬಿಟ್ರೆ ನಳಿಗೆ ತಿಂದ್ಹಾಕತ್ತೆ. ನಮ್ಮಪ್ಪ ಏನನ್ನಾದ್ರೂ ಕ್ಷಮಿಸ್ತಿದ್ದ, ಅದೊಂದನ್ನ ಬಿಟ್ಟು.”

“ನನ್ನನ್ನೇ ಕೇಳ್ಬಹುದಿತ್ತಲ್ಲ ಹಯಾತ್.”

“ಈಗ ಕೇಳ್ತೀನಿ. ಚದುರಿದ್ದು ಸಂಜೆಗೆ ವಾಪಸ್ ಬರ್ತಾವೆ. ಗೂಡಿನ ಬಾಗ್ಲು ತೆಗೆದು ಸೇರಿಸ್ಕೋತೀರೋ, ಮುಚ್ಚಿಬಿಡ್ತೀರೋ?”

ಉತ್ತರ ಅವನ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಪೇಟೆಯ ಸೂರುಗಳ ನಡುವಿನ ಚೂರು ಆಕಾಶದಲ್ಲಿ ಯಾರದೋ ಹಿಂಡು ಸುತ್ತು ಹಾಕಿತು. ಅವನ ಕಣ್ಣು ತಾನಾಗಿ ಮೇಲೆ ಹೋಯಿತು. ಬೂದು ಬಣ್ಣದವು ಎಷ್ಟಿವೆ ಎಂದು ಎಣಿಸಿತು.

“ಮುಚ್ತೀನಿ,” ಎಂದ ಆಮೇಲೆ. ಮನಸಾರೆ ಹೇಳಿದ ಮಾತೇ ಅದು.

ಹಯಾತ್ ಆಗಿನಿಂದಲೂ ಅವನ ಕಣ್ಣನ್ನೇ ನೋಡುತ್ತಿದ್ದಳು. ನೋಡಿ, ಸುಬ್ಹಿಯ ಕಡೆ ತಿರುಗಿ, ಗ್ರೀಸಿನ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು.

“ತೆಳು ಎಣ್ಣೆನೇ ಕೊಡಣ್ಣಾ,” ಎಂದಳು.