ಹೊರಗಿನ ಹೊಲಿಗೆ

ನಾನು ದರ್ಜಿ. ಹೊಲಿಗೆಯ ಅಂಚು ಅಂಗಿಯ ಒಳಗಿರಬೇಕು, ಇದು ನನ್ನ ಕಸುಬಿನ ಮೊದಲ ಪಾಠ. ಅಕ್ಕನ ಅಂಗಿಗೆ ಮಾತ್ರ ಕಂಕುಳ ಹೊಲಿಗೆ ಹೊರಗೆ, ಒಳಗೆ ಮೆತ್ತನೆಯ ಹಳೇ ಹತ್ತಿಬಟ್ಟೆಯ ಲೈನಿಂಗ್. "ಹೊಸ ಫ್ಯಾಷನ್ ಕಣೇ, ನಿಂಗೇನು ಗೊತ್ತು?" ಎನ್ನುತ್ತಿದ್ದಳು. ಕೋಲೆ ಬಸವನ ಹಾಗೆ ತಲೆಯಾಡಿಸಿ ವರ್ಷಗಟ್ಟಲೆ ಹೊಲಿದುಕೊಟ್ಟೆ.

ನನ್ನ ಮೈ ಕೆಟ್ಟಿದ್ದು ಮೂವತ್ತು ದಾಟಿದ ಮೇಲೆ. ಎದೆ, ಬೆನ್ನು, ಮುಂಗೈಯಲ್ಲೆಲ್ಲ ಗುಳ್ಳೆಯೆದ್ದು, ಒಡೆದು, ರಸ ಸೋರುತ್ತಿತ್ತು. ಹುಳುಕಡ್ಡಿಯೆಂದು ಸಿಕ್ಕ ಮುಲಾಮನ್ನೆಲ್ಲ ಹಚ್ಚಿದ್ದಾಯಿತು. ಅಕ್ಕನ ಮನೆಗೆ ಹೋದರೆ ನನಗೆ ಬೇರೆ ಟವೆಲ್ಲು, ಬೇರೆ ಲೋಟ. ಅವಳ ಮಗಳನ್ನು ಎತ್ತಿಕೊಳ್ಳಹೋದರೆ "ಬೇಡ, ಅಂಟುತ್ತೆ" ಎಂದು ಕಸಿದುಕೊಳ್ಳುತ್ತಿದ್ದಳು. ನನಗೆ ಮಕ್ಕಳಿಲ್ಲ. ಆ ಕೂಸನ್ನು ಒಮ್ಮೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ಆಸೆಯೂ ಇರಲಿಲ್ಲ.

ಇವತ್ತು ಚರ್ಮದ ಡಾಕ್ಟರಮ್ಮ ಪರೀಕ್ಷೆಯ ವರದಿ ನೋಡಿ ಹೇಳಿದರು. "ಇದು ಯಾರಿಗೂ ಅಂಟಲ್ಲಮ್ಮ. ವಂಶದಲ್ಲಿ ಬರೋದು, ಬಹಳ ಅಪರೂಪ. ಸಾಮಾನ್ಯವಾಗಿ ಕಂಕುಳಲ್ಲೋ ತೊಡೆಸಂದಿಯಲ್ಲೋ ಬಂದು ಬಟ್ಟೆಯೊಳಗೇ ಮುಚ್ಚಿಹೋಗುತ್ತೆ. ನಿಮಗೆ ಮಾಮೂಲಾಗಿ ಬರದ ಜಾಗದಲ್ಲೆಲ್ಲ ಬಂದಿದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಬಟ್ಟೆ ಉಜ್ಜಬಾರದು. ಮೆತ್ತನೆ ಹತ್ತಿದು ಹಾಕಿ, ಹೊಲಿಗೆ ಹೊರಗಿರೋ ಹಾಗೆ."

ಹೊಲಿಗೆ ಹೊರಗೆ! ನನ್ನ ಕಣ್ಣಿಗೆ ಮಣ್ಣೆರಚಿ, ನನ್ನ ಕೈಯಲ್ಲೇ ಹೊಲಿಸಿಕೊಂಡಳಲ್ಲ!

ಸೀದಾ ಅಕ್ಕನ ಮನೆಗೆ ಹೋದೆ. ಭಾವ ಕೆಲಸಕ್ಕೆ ಹೋಗಿದ್ದರು.

"ಕೈ ಎತ್ತೇ," ಎಂದೆ.

ಅವಳು ಎತ್ತಲಿಲ್ಲ. ಬಾಗಿಲು ಹಾಕಿ ಬಂದು ಕೂತಳು. "ನಿಮ್ಮ ಭಾವಂಗೆ ಗೊತ್ತಿಲ್ಲ ಕಣೇ. ಬೆವರುಸಾಲೆ ಅಂತ ಹೇಳಿದೀನಿ."

"ಅಂಟಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಂಗೆ ಡಾಕ್ಟ್ರು ಮೊದ್ಲೇ ಹೇಳಿದ್ರು. ನಿಂದು ವಂಶದ್ದು ಅಂತ ಗೊತ್ತಾದ್ರೆ ನಂದೂ ಬಯಲಾಗ್ತಿತ್ತು."

ಹೊರಗಿನವರು ಮಾಡಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ಇವಳು ಒಡಹುಟ್ಟಿದವಳು. ನಾನು ಬೇರೆ ಲೋಟದಲ್ಲಿ ನೀರು ಕುಡಿಯುವುದನ್ನು ಎದುರಿಗೇ ಕೂತು ನೋಡಿದವಳು.

ನನ್ನ ಬಾಯಿ ಮುಚ್ಚಿಸಲೆಂದೋ ಏನೋ, ಅಕ್ಕ ಒಳಗೆ ಹೋಗಿ ಮಗಳನ್ನು ಕರೆತಂದು ನನ್ನತ್ತ ನೂಕಿದಳು. "ಹೋಗು ಪುಟ್ಟಿ, ಚಿಕ್ಕಮ್ಮನ ತೊಡೆ ಮೇಲೆ ಕೂತ್ಕೋ."

ಲಂಚವೆಂದು ಗೊತ್ತಿತ್ತು. ಆದರೂ ಮಾನಗೆಟ್ಟ ನನ್ನ ಕೈ ಸಿಟ್ಟನ್ನೆಲ್ಲ ಮರೆತು ಮುಂದೆ ಚಾಚಿತು.

ಪುಟ್ಟಿ ಓಡಿಹೋಗಿ ಅಮ್ಮನ ಹಿಂದೆ ಅವಿತುಕೊಂಡಳು.

"ಬೇಡಮ್ಮ," ಎಂದಳು. "ಅಂಟುತ್ತೆ."