ಬಾಗಿಲವಾಡದ ಮಣ್ಣುಗೂಡು

ಕರಿ ಕಡಜವೊಂದು ಸಾಲಿಗ್ರಾಮದ ಮಲ್ಲಾಜಮ್ಮನ ಮನೆಯ ಬಾಗಿಲವಾಡದ ಮೇಲೆ ಮಣ್ಣು ತಂದು ಗೂಡು ಕಟ್ಟಿದಂದಿನಿಂದ ಆ ಕಡೆ ಪೊರಕೆ ಹೋದದ್ದಿಲ್ಲ. ಕಡಜ ಮನೆಯೊಳಗೆ ಗೂಡು ಕಟ್ಟಿದರೆ ಸೊಸೆ ಬಸುರಾಗುತ್ತಾಳೆ ಎಂಬುದು ಅವಳ ಅತ್ತೆಯ ಕಾಲದ ಮಾತು. ಸುಣ್ಣ ಬಳಿಯಲು ಬಂದವನಿಗೂ "ಅದ್ನ ಮುಟ್ಟೀಯಾ, ಕೈ ಮುರ್ದ್‌ಬುಡ್ತೀನಿ" ಎಂದಿದ್ದಳು.

ಸೊಸೆ ಪವಿತ್ರಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವಳಿಗೆ ಹುಳುಗಳ ಹುಚ್ಚು. ಜೀರುಂಡೆ ಕಂಡರೂ ಫೋಟೋ ತೆಗೆದು, ಹುಳು ಗುರುತಿಸುವವರ ವಾಟ್ಸಾಪ್ ಗುಂಪಿಗೆ ಹಾಕುವಳು. ಅವರು ಹೇಳಿದ ಹೆಸರನ್ನು ತನ್ನ ಚಿತ್ರದ ಪುಸ್ತಕದಲ್ಲಿ ತಾಳೆ ನೋಡುವಳು. ಹೆಸರು ಗೊತ್ತಾದರೆ ಅರ್ಧ ಗೆದ್ದಂತೆ ಎಂದು ಮಕ್ಕಳಿಗೆ ಪಾಠ ಬೇರೆ. ಎರಡು ವಾರದ ಹಿಂದೆ ಮೈಸೂರಿನ ಡಾಕ್ಟರು ಅವಳ ತೊಂದರೆಗೂ ಒಂದು ಹೆಸರು ಹೇಳಿದರು. ಇನ್ನು ಮಗುವಾಗುವುದಿಲ್ಲ ಎಂದೂ ಹೇಳಿದರು. ಆ ಹೆಸರಿನಿಂದ ಯಾರು ಏನು ಗೆದ್ದರೋ ದೇವರೇ ಬಲ್ಲ.

ಅಂದು ಬಸ್ಸಿಳಿದು ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತಿದ್ದಳು. "ಏನಂದ್ರವ್ವಾ ಡಾಕ್ಟ್ರು?"

ಪವಿತ್ರಾ ಗಂಡನ ಮುಖ ನೋಡಿದಳು. ಅಮ್ಮನೆದುರು ಊಟಕ್ಕೆ ಮಾತ್ರ ಬಾಯಿ ತೆರೆಯುವ ಪುಣ್ಯಾತ್ಮ ವಸಂತ್ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಕೊಂಡ.

"ಎಲ್ಲಾ ಚೆನ್ನಾಗದೆ ಅಂದ್ರು, ಅತ್ತೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇವತ್ತು ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಏಳುವಳು. ಸಂಜೆ ಗೂಡಿನ ಕೆಳಗೆ ಕಾದು ಕೂತ ಮುದುಕಿಯನ್ನು ಕಂಡರೆ ನಾಲಿಗೆ ಏಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಲ್ಲಾಜಮ್ಮ ಕೂಗಿಕೊಂಡಳು. "ಬಿರ್‌ಬಿರ್ನೆ ಬಾರವ್ವಾ! ಮರಿ ಈಚೆಗ್ ಬಂತು ಕಣವ್ವಾ!"

ಗೂಡು ತೂತಾಗಿತ್ತು. ಪಕ್ಕದಲ್ಲೇ ಪುಟ್ಟ ಹುಳುವೊಂದು ಪಚ್ಚೆ ಹಸಿರಾಗಿ ಹೊಳೆಯುತ್ತಿತ್ತು.

"ಅಸ್ರು ನೋಡವ್ವಾ, ಸೀಮಂತದ್ ಬಳೆ ಬಣ್ಣ! ನಿನ್ ಪೋನ್ನಾಗೆ ಕೇಳು, ಏನಂತಾರೆ ನೋಡವ."

ಗೂಡು ಕಟ್ಟಿದ್ದು ಕಪ್ಪು ಹುಳು. ಇದು ಅದರ ಮರಿಯಾಗಿರಲಾರದು ಎನಿಸಿ ಪವಿತ್ರಾ ಫೋಟೋ ತೆಗೆದಳು. ಫೋಟೋ ಹಾಕಿದ ಐದೇ ನಿಮಿಷಕ್ಕೆ ಉತ್ತರ ಬಂತು, ಪುಸ್ತಕವೂ ಅದನ್ನೇ ಹೇಳಿತು: ಕೋಗಿಲೆ ಕಡಜ. ಕೋಗಿಲೆಯ ಹಾಗೆಯೇ ಬೇರೆಯವರ ಗೂಡಿನಲ್ಲಿ ಕದ್ದು ಮೊಟ್ಟೆ ಇಡುತ್ತದೆ. ಅದರ ಮರಿ ಗೂಡಿನೊಡತಿಯ ಮರಿಯನ್ನು ತಿಂದು ಬೆಳೆಯುತ್ತದೆ. ಕಟ್ಟಿದವಳ ಮರಿ ಒಳಗೇ ತೀರಿಹೋಗಿತ್ತು.

ಇದನ್ನು ಹೇಳಿದರೆ ಅದನ್ನೂ ಹೇಳಬಹುದು, ಒಂದೇ ಉಸಿರಿಗೆ. ಪವಿತ್ರಾ ಪುಸ್ತಕ ಹಿಡಿದು ಹೊರಗೆ ಬಂದಳು. ಅಷ್ಟರಲ್ಲಿ ಮಲ್ಲಾಜಮ್ಮ ಗೂಡಿಗೆ ಕುಂಕುಮ ಇಟ್ಟಾಗಿತ್ತು. ಅದೇ ಬೆರಳಿನಿಂದ ಸೊಸೆಯ ಹಣೆಗೂ ಇಟ್ಟಳು.

"ಏನಂದ್ರವ್ವಾ?"

ಪವಿತ್ರಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಎಲ್ಲಾ ಚೆನ್ನಾಗದೆ ಅಂದ್ರು, ಅತ್ತೆ."

"ನಂಗೊತ್ತಿತ್ತು ಕಣವ್ವಾ! ಲೇ ವಸಂತ, ಅಟ್ಟದ್ ಮ್ಯಾಗಿನ ತೊಟ್ಲು ಇಳ್ಸು ಕಣ್ಲಾ."

ವಸಂತ್ ಹೋಗಿ ಏಣಿ ತಂದ.